ಸರದಿಯಲ್ಲಿ ಕಾಣದ ಟ್ರ್ಯಾಕ್ಟರುಗಳು

ಕಾಶಿನಾಥನ ಬಗ್ಗೆ ಬರೆಯಲು ನನಗಿಂತ ಅಯೋಗ್ಯ ಮನುಷ್ಯ ಈ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಅವನನ್ನು ಬಲ್ಲವರು ನೂರಾರು ಮಂದಿ ಇದ್ದಾರೆ, ಎಲ್ಲರೂ ಒಳ್ಳೆಯ ಮಾತೇ ಆಡುತ್ತಾರೆ. ಆದರೆ ಅವರ್ಯಾರೂ ಅವನನ್ನು ನನ್ನಷ್ಟು ಹತ್ತಿರದಿಂದ ನೋಡಿಲ್ಲ. ಹೊಟ್ಟೆಕಿಚ್ಚು ಪಡುವವನು ನೋಡಿದಷ್ಟು ಕಣ್ಣಿಟ್ಟು ಒಬ್ಬ ಮನುಷ್ಯನನ್ನು ಕಟ್ಟಿಕೊಂಡ ಹೆಂಡತಿಯೂ ನೋಡುವುದಿಲ್ಲ. ಅವನು ಚಹಾದ ಗ್ಲಾಸನ್ನು ಯಾವ ಕೈಯಲ್ಲಿ ಹಿಡಿಯುತ್ತಿದ್ದ, ಯಾರ ಮಾತಿಗೆ ಎಷ್ಟು ನಗುತ್ತಿದ್ದ, ಅವನ ಅಂಗಿಯ ಯಾವ ಗುಂಡಿ ಬಿದ್ದುಹೋಗಿತ್ತು, ಎಲ್ಲ ನನಗೆ ಇವತ್ತಿಗೂ ಬಾಯಿಪಾಠ.

ಆಗ ನನಗೆ ಇಪ್ಪತ್ತಾರು, ಅವನಿಗೆ ನಲವತ್ತನಾಲ್ಕು. ಎದುರಿಗೆ ‘ಕಾಶಿನಾಥಣ್ಣಾ’ ಎನ್ನುತ್ತಿದ್ದೆ, ಮಾತಿಗೊಮ್ಮೆ ‘ರಿ’ ಹಚ್ಚುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಏಕವಚನ. ಇಲ್ಲಿಯೂ ಅದೇ ಇರಲಿ, ಈಗ ಸುಳ್ಳು ಬರೆದು ಆಗಬೇಕಾದ್ದೇನೂ ಇಲ್ಲ.

ಬೀದರಿನ ಗಡಿಯಾಚೆ, ಆಗಿನ ಆಂಧ್ರದ ಜಹೀರಾಬಾದಿನಿಂದ ನಾರಾಯಣಖೇಡದ ಕಡೆಗೆ ಹೋಗುವ ರಸ್ತೆಯಲ್ಲಿದ್ದ ರೇವಣಸಿದ್ಧ ಶುಗರ್ಸ್ ಎಂಬ ಸಣ್ಣ ಸಕ್ಕರೆ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ಬಿ.ಎಸ್ಸಿ. ಮುಗಿಸಿ, ಹೈದರಾಬಾದಿನಲ್ಲಿ ಒಂದು ವರ್ಷ ಡಿಪ್ಲೊಮಾ ಮಾಡಿ ಬಂದಿದ್ದೆ. ಕೆಲಸ ಕಾಂಟ್ರಾಕ್ಟಿನದು. ಆದರೂ ನನಗೊಂದು ಬೇರೆ ಕೋಣೆ, ಅದರಲ್ಲೊಂದು ಕೂಲರ್, ತಿರುಗುವ ಕುರ್ಚಿ. ಹಂಗಾಮು ಮುಗಿಯುವ ಮಾರ್ಚ್ ತಿಂಗಳಲ್ಲಿ ನನ್ನನ್ನು ಕಾಯಂ ಮಾಡುತ್ತೇವೆ ಎಂದು ಮ್ಯಾನೇಜರ್ ಸಾಹೇಬರು ಹೇಳಿದ್ದರು. ನನ್ನ ತಾಯಿ ಜಾನಕಿಬಾಯಿ ಅಷ್ಟಕ್ಕೇ ತಾಂಡೂರಿನ ಹೆಣ್ಣಿನ ಮನೆಯವರಿಗೆ ‘ನಮ್ಮ ಹುಡುಗ ಪರ್ಮನೆಂಟ್’ ಎಂದು ಹೇಳಿಬಿಟ್ಟಿದ್ದಳು. ಆ ಹೆಣ್ಣಿನ ಹೆಸರು ಸೌಮ್ಯಶ್ರೀ. ಆರ್ಡರಿನ ಕಾಗದ ನೋಡಿದ ಮೇಲೆ ನಿಶ್ಚಯ ಎಂದು ಅವಳ ತಂದೆ ಮೆತ್ತಗೆ ಹೇಳಿ ಕಳಿಸಿದ್ದರು.

ಕಾಶಿನಾಥ ಕಾಟಾದ ಗುಮಾಸ್ತ. ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುವ ಆ ವೇಬ್ರಿಡ್ಜಿನ ಮಗ್ಗುಲಲ್ಲಿ ಇಪ್ಪತ್ತು ವರ್ಷ ಧೂಳು ಕುಡಿದು ಕೂತವನು. ನಾರಾಯಣಖೇಡದ ಹತ್ತಿರದ ಹಳ್ಳಿಯವನು. ಅವರಪ್ಪ ವೀರಪ್ಪ ಹಿಟ್ಟಿನ ಗಿರಣಿ ಇಟ್ಟಿದ್ದರು. ಗಿರಣಿ ಕೆಟ್ಟಾಗಲೆಲ್ಲ ಬಿಚ್ಚಿ ಜೋಡಿಸುವುದು ಮಗನ ಕೆಲಸವಾಗಿತ್ತು. ಹತ್ತನೆಯ ಇಯತ್ತೆ ಪಾಸು ಮಾಡಿ ಐಟಿಐ ಸೇರಿದ, ಅರ್ಧಕ್ಕೇ ಬಿಟ್ಟ. ಬಿಚ್ಚುವ ಚಟ ಮಾತ್ರ ಬಿಡಲಿಲ್ಲ. ರೇಡಿಯೋ, ತಕ್ಕಡಿ, ಪಂಪು, ಏನೇ ಕೆಟ್ಟರೂ ಅವನ ಮುಂದೆ ತಂದಿಡುತ್ತಿದ್ದರು. ಅವನು ಒಂದು ಟವೆಲ್ ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಸರದಿಯಲ್ಲೇ ಸಾಲಾಗಿ ಇಡುತ್ತಿದ್ದ.

ನನ್ನ ಹೊಟ್ಟೆಕಿಚ್ಚಿಗೆ ಹುಟ್ಟಿದ ದಿನವಿದೆ. 2010ರ ದಸರೆಯ ಹೊತ್ತಿಗೆ ಕಾರ್ಖಾನೆಗೆ ಹೊಸ ಎಲೆಕ್ಟ್ರಾನಿಕ್ ಕಾಟಾ ಬಂತು. ಗೇಟಿನಲ್ಲಿ ಮೊಗಲಪ್ಪ ಕೂತು ಟ್ರ್ಯಾಕ್ಟರಿನ ನಂಬರು, ರೈತನ ಹೆಸರು, ಊರು ಟೈಪ್ ಮಾಡುತ್ತಿದ್ದ. ಆ ಮಷೀನು ಒಂದೊಂದು ಗಾಡಿಗೂ ಒಂದೊಂದು ಎಕ್ಸ್‌ಎಮ್‌ಎಲ್ ಫೈಲು ಬರೆದು ಒಗೆಯುತ್ತಿತ್ತು. ಆ ಫೈಲುಗಳನ್ನೆಲ್ಲ ಓದಿ, ಯಾರು ಮೊದಲು ಬಂದರು ಯಾರು ಆಮೇಲೆ ಬಂದರು ಎಂದು ಸರದಿಯ ಪಟ್ಟಿ ಮಾಡುವ ಪ್ರೋಗ್ರಾಮ್ ಬೇಕಿತ್ತು. ಕೈಯಿಂದ ಬರೆಯುವ ಪಟ್ಟಿಯ ಮೇಲೆ ಯಾರ್ಡಿನಲ್ಲಿ ದಿನಾ ಜಗಳ. ಸಾಹೇಬರು ನನ್ನನ್ನು ಕೇಳಿದರು. ನಾನು ಗತ್ತಿನಿಂದ ಎರಡು ತಿಂಗಳು ಬೇಕು ಎಂದೆ. ನಿಜ ಹೇಳಬೇಕೆಂದರೆ ನನಗೆ ಅದು ಬರುತ್ತಿರಲಿಲ್ಲ, ಕಲಿಯಲು ಸಮಯ ಕೇಳಿದ್ದೆ.

ಕಾಶಿನಾಥ ಯಾರನ್ನೂ ಕೇಳಲಿಲ್ಲ. ಜಹೀರಾಬಾದ್ ಬಸ್‌ಸ್ಟ್ಯಾಂಡಿನ ಹಿಂದೆ ಸಮೀರ್ ಎಂಬವನ ನೆಟ್ ಸೆಂಟರ್ ಇತ್ತು. ಡ್ಯೂಟಿ ಮುಗಿಸಿ ಅಲ್ಲಿ ಹೋಗಿ ಕೂತು, ಪಾಠಗಳನ್ನು ಪ್ರಿಂಟ್ ತೆಗೆಸಿ, ಮಕ್ಕಳ ನೋಟುಬುಕ್ಕಿಗೆ ಹಾಕುವ ಹಾಗೆ ಕಂದು ರಟ್ಟು ಹಾಕಿಸಿ ಓದಿದ. ಹನ್ನೊಂದನೆಯ ದಿನ ನನ್ನ ಕೋಣೆಗೇ ಬಂದು, ನನ್ನ ಕಂಪ್ಯೂಟರಿನಲ್ಲೇ ಅದನ್ನು ಓಡಿಸಿ ತೋರಿಸಿದ. ಪ್ರಿಂಟರು ಕಿರಗುಟ್ಟುತ್ತ ಪಟ್ಟಿ ಉಗುಳಿತು. ಮೊಗಲಪ್ಪನಿಗೆ ಅವನು ತಿಳಿಸಿ ಹೇಳಿದ್ದು ನೆನಪಿದೆ.

“ಟಿಫನ್ ಡಬ್ಬಿ ಇದ್ದಂಗ ತಿಳ್ಕೋ. ಡಬ್ಬಿ ಒಳಗ ಡಬ್ಬಿ. ಒಂದೊಂದರ ಮ್ಯಾಲ ಹೆಸರಿನ ಚೀಟಿ ಅದ. ನನ್ ಪ್ರೋಗ್ರಾಮ್ ಚೀಟಿ ಓದಿ, ಮುಚ್ಚಳ ತಗದು, ಒಳಗಿಂದು ತಾಟಿಗೆ ಬಡಿಸ್ತದ. ಅಷ್ಟೇ.”

ಇಷ್ಟು ಸಲೀಸಾಗಿ ಹೇಳಲು ನನಗೆ ಡಿಪ್ಲೊಮಾ ಕೊಟ್ಟ ಮಾಸ್ತರಿಗೂ ಬರುತ್ತಿರಲಿಲ್ಲ. ಸಾಹೇಬರು ಅವನ ಬೆನ್ನು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, ಕಾಟಾದವನೇ ಇದನ್ನು ಮಾಡಿದರೆ ನಿನಗೆ ಕೊಡಲು ಕೆಲಸ ಎಲ್ಲಿಂದ ತರಲಿ ಎಂದು ತೆಲುಗಿನಲ್ಲಿ ನಗಾಡಿದರು. ಅವರು ನಗಾಡಿದ್ದೇ ಇರಬಹುದು, ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಅಲ್ಲಿಂದ ಎಲ್ಲಿ ನೋಡಿದರೂ ಅವನೇ. ರೈತರು ಗೇಟಿನಿಂದಲೇ ‘ಕಾಶಿನಾಥ ಕಾಕಾ’ ಎಂದು ಕೂಗುತ್ತ ಬರುತ್ತಿದ್ದರು. ಕ್ಯಾಂಟೀನಿನಲ್ಲಿ ಅವನ ಬುತ್ತಿ ಬಿಚ್ಚಿದರೆ ನಾಲ್ಕು ಕೈ ಬೀಳುತ್ತಿದ್ದವು. ನನ್ನ ಚಪಾತಿಯನ್ನು ಯಾರೂ ಕೇಳುತ್ತಿರಲಿಲ್ಲ. ನನ್ನ ತಾಯಿ ಸಹ, ಮಿಕ್ಸರ್ ಕೆಟ್ಟಾಗ, ನಿಮ್ಮ ಕಾಶಿನಾಥನಿಗೆ ಒಯ್ದು ಕೊಡು ಎಂದಳು. ಕಂಪ್ಯೂಟರ್ ಓದಿದ ಮಗ ನಾನು ಮನೆಯಲ್ಲೇ ಕೂತಿದ್ದೆ. ನಾನು ಮಿಕ್ಸರನ್ನು ಅಂಗಡಿಗೆ ಕೊಟ್ಟು ಮುನ್ನೂರು ರೂಪಾಯಿ ತೆತ್ತೆ, ಅವನಿಗೆ ಕೊಡಲಿಲ್ಲ.

ಆ ಪ್ರೋಗ್ರಾಮಿನಲ್ಲಿ ನನ್ನದೂ ಏನಾದರೂ ಇರಬೇಕು ಎಂಬ ಹಟ ಹತ್ತಿತು. ಮೊಗಲಪ್ಪ ಆಗೊಮ್ಮೆ ಈಗೊಮ್ಮೆ ತಪ್ಪು ನಂಬರು ಹೊಡೆಯುತ್ತಿದ್ದ. ಅದನ್ನೇ ನೆಪ ಮಾಡಿ, ಗಾಡಿಯ ನಂಬರು ಸರಿಯಿದೆಯೋ ಇಲ್ಲವೋ ನೋಡುವ ಒಂದು ಚಿಕ್ಕ ಫೈಲು ನಾನೇ ಬರೆದು ಅವನ ಪ್ರೋಗ್ರಾಮಿಗೆ ಜೋಡಿಸಿದೆ. ನಂಬರು ಎಪಿ ಎಂದು ಶುರುವಾದರೆ ನಮ್ಮ ಆಂಧ್ರಪ್ರದೇಶದ ಗಾಡಿ, ಕೆಎ ಎಂದರೆ ಬೀದರ್ ಕಡೆಯದು, ಎಮ್‌ಎಚ್ ಎಂದರೆ ಮಹಾರಾಷ್ಟ್ರದ್ದು. ಈ ಮೂರೂ ಅಲ್ಲದಿದ್ದರೆ ಅದು ಕಸ, ಪಟ್ಟಿಗೆ ಹಾಕಬೇಡ. ಒಂದೇ ಸಾಲಿನ ಕೆಲಸ. ಆ ಸಾಲು ಬರೆದ ದಿನ ನಾನು ಒಳ್ಳೆಯ ನಿದ್ದೆ ಮಾಡಿದೆ.

ಕಾಶಿನಾಥ ಬೇಡ ಎನ್ನಲಿಲ್ಲ. “ಓದಿದವ್ರ ಕೈ ಹತ್ತಿದ್ರ ಛಲೋನೇ ಆತು ಬಿಡ್ರಿ,” ಎಂದ.

ಅದು ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಊರೂರು ಎದ್ದು ನಿಂತಿದ್ದ ಕಾಲ. ಜಹೀರಾಬಾದಿನ ಚೌರಸ್ತೆಯಲ್ಲಿ ಶಾಮಿಯಾನ ಹಾಕಿ ದಿನಕ್ಕೊಂದು ತಂಡ ಉಪವಾಸ ಕೂಡುತ್ತಿತ್ತು. ವಾರಕ್ಕೊಂದು ಬಂದ್, ಬಸ್ಸು ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಸಂಕ್ರಾಂತಿ ಮುಗಿದ ವಾರ, ಒಂದು ಭಾನುವಾರ, ಆ ಶಾಮಿಯಾನದ ಮಗ್ಗುಲಲ್ಲಿ ಇಬ್ಬರು ಪೇಂಟರುಗಳು ಡಬ್ಬಿ ಕುಂಚ ಹಿಡಿದು ಕೂತರು. ಹೋಗುವ ಬರುವ ಗಾಡಿಗಳನ್ನೆಲ್ಲ ನಿಲ್ಲಿಸಿ, ನಂಬರ್ ಪ್ಲೇಟಿನ ಮೇಲಿನ ಎಪಿ ಅಳಿಸಿ ತೆಲಂಗಾಣದ ಗುರುತಾಗಿ ಟಿಜಿ ಎಂದು ಬರೆದರು. ಪುಕ್ಕಟೆ. ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಗೆ ಬರುವ ದಾರಿಯೂ ಅದೇ. ನನ್ನ ಹೀರೋ ಹೋಂಡಾವನ್ನೂ ನಿಲ್ಲಿಸಿದರು. ನಾನು ಖುಷಿಯಿಂದಲೇ ಇಳಿದು ನಿಂತೆ, ಪೇಂಟು ಒಣಗುವ ತನಕ ಘೋಷಣೆಗೆ ದನಿಗೂಡಿಸಿದೆ.

ಸೋಮವಾರ ಮುಂಜಾನೆಯಿಂದ ಪಟ್ಟಿ ಕೆಟ್ಟಿತು. ಯಾರ್ಡಿನಲ್ಲಿ ಎಪ್ಪತ್ತು ಟ್ರ್ಯಾಕ್ಟರು ನಿಂತಿದ್ದರೆ ಬೋರ್ಡಿನ ಮೇಲೆ ಮೂವತ್ತರ ಹೆಸರು. ಹೆಸರಿಲ್ಲದವರು ಕಾಶಿನಾಥನನ್ನು ಮುತ್ತಿದರು. ಕಬ್ಬು ಕಡಿದ ಮೇಲೆ ಬಿಸಿಲಲ್ಲಿ ನಿಂತಷ್ಟೂ ತೂಕ ಇಳಿಯುತ್ತದೆ, ಯಾರಿಗೆ ತಾಳ್ಮೆ ಇರುತ್ತದೆ?

ಅವನು ನನ್ನ ಕೋಣೆಗೆ ಓಡಿ ಬಂದ. ಫೈಲುಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದ. ಕರೆಂಟು ಹೋಗಿ ಬಂದಾಗ ಮಷೀನು ಫೈಲನ್ನು ಅರ್ಧಕ್ಕೇ ಬಿಟ್ಟಿರಬೇಕು, ಯಾವುದೋ ಡಬ್ಬಿಯ ಮುಚ್ಚಳ ಮುಚ್ಚಿಲ್ಲ ಎಂದು ಅವನ ಗುಮಾನಿ. ಎಲ್ಲ ಮುಚ್ಚಳಗಳೂ ಸರಿಯಾಗಿದ್ದವು. ತಾರೀಕು ಹೆಚ್ಚುಕಮ್ಮಿ ಆಗಿದೆಯೇ ನೋಡಿದ, ಆಗಿರಲಿಲ್ಲ. ನಾನು ಬರೆದ ಫೈಲಿನ ಹೆಸರು ತೆರೆಯ ಮೇಲೆ ಕಂಡಾಗ ಅದನ್ನು ದಾಟಿ ಮುಂದೆ ಹೋದ.

“ಇದು ನೀವ್ ಬರೆದದ್ದು. ಇದರಾಗ ಏನೂ ಇರಂಗಿಲ್ಲ,” ಎಂದ.

ಅವನು ಕಾಟಾದ ಕಡೆ ಹೋದ ಮೇಲೆ ನಾನು ಕಿಟಕಿಯಿಂದ ಹೊರಗೆ ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ನನ್ನದೇ ಗಾಡಿ. ಹೊಸ ಪೇಂಟಿನ ಟಿಜಿ. ಅದರಾಚೆ ಟ್ರ್ಯಾಕ್ಟರುಗಳ ಸಾಲು, ಅಲ್ಲಿಯೂ ಟಿಜಿ, ಟಿಜಿ, ಟಿಜಿ. ಮೊಗಲಪ್ಪ ಪ್ಲೇಟಿನ ಮೇಲೆ ಕಂಡದ್ದನ್ನೇ ಹೊಡೆಯುವವನು. ನಾನು ಬರೆದ ಸಾಲು ಅವುಗಳನ್ನೆಲ್ಲ ಕಸವೆಂದು ಒಗೆಯುತ್ತಿತ್ತು. ಬೀದರಿನ ಕೆಎ ಗಾಡಿಗಳು ಮಾತ್ರ ಠಾಕುಠೀಕಾಗಿ ಪಟ್ಟಿಯಲ್ಲಿದ್ದವು. ನನ್ನ ಫೈಲಿನ ಪ್ರಿಂಟ್ ತೆಗೆದು ಆ ಸಾಲಿನ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆದೆ. ಹತ್ತೇ ನಿಮಿಷದ ಕೆಲಸ. ಕಾಶಿನಾಥನಿಗೆ ಹೊಳೆಯದ್ದು ನನಗೆ ಹತ್ತು ನಿಮಿಷದಲ್ಲಿ ಹೊಳೆದಿತ್ತು.

ಎದ್ದು ಹೋಗಿ ಹೇಳಬೇಕು ಎಂದು ಬಾಗಿಲ ತನಕ ಹೋದೆ. ಅಲ್ಲಿಂದ ಅವನು ಕಂಡ. ಸುತ್ತ ಇಪ್ಪತ್ತು ಮಂದಿ ಬಯ್ಯುತ್ತಿದ್ದರು. ನಿನ್ನೆಯ ತನಕ ‘ಕಾಕಾ’ ಎಂದವರು ‘ಏನು ಮಾಡೀದಿ ನೋಡು’ ಎನ್ನುತ್ತಿದ್ದರು. ನನ್ನೊಳಗೆ ಏನೋ ತಣ್ಣಗಾಯಿತು. ನಾಚಿಕೆ ಬಿಟ್ಟು ಬರೆಯುತ್ತೇನೆ, ಅದು ಸುಖ. ಒಂದು ದಿನ ಬಯ್ಸಿಕೊಳ್ಳಲಿ, ನಾಳೆ ಹೇಳಿದರಾಯಿತು ಎಂದುಕೊಂಡು ಬಂದು ಆ ಪ್ರಿಂಟನ್ನು ಡ್ರಾಯರಿನಲ್ಲಿ ಇಟ್ಟೆ.

ಮಧ್ಯಾಹ್ನ ಅವನು ಎರಡು ಚಹಾ ಹಿಡಿದುಕೊಂಡು ಬಂದ. “ನಿಮ್ಗೇನರ ಹೊಳೀತೇನ್ರಿ?”

“ಇಲ್ರಿ ಅಣ್ಣಾ, ನಾನೂ ನೋಡ್ಲಕತ್ತೀನಿ,” ಎಂದೆ.

ಮಂಗಳವಾರ ಅವನು ಒಂದು ಸ್ಟೂಲು ಹಾಕಿಕೊಂಡು ಯಾರ್ಡಿನಲ್ಲೇ ಕೂತ. ಪಟ್ಟಿಗೆ ಬಾರದ ಒಂದೊಂದು ಗಾಡಿಗೂ ಕೈಯಿಂದ ಚೀಟಿ ಬರೆದು ಕೊಟ್ಟ. ಬಂದ ಹೊತ್ತು ಕೇಳಿ, ಮಗ್ಗುಲಿನವನನ್ನು ಸಾಕ್ಷಿ ಕೇಳಿ, ಜಗಳ ಬಿಡಿಸಿ, ಮತ್ತೆ ಬರೆದ. ನಡುನಡುವೆ ಓಡಿ ಬಂದು ಫೈಲು ನೋಡುತ್ತಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು. ಸಂಜೆ ಮತ್ತೆ ಚಹಾ ತಂದ, ಮತ್ತೆ ಅದೇ ಮಾತು ಕೇಳಿದ. ನಾನು ಮತ್ತೆ ಇಲ್ಲ ಎಂದೆ. ಈ ಸಲ ಹೇಳುವುದು ಮೊದಲಿಗಿಂತ ಸಲೀಸಾಗಿತ್ತು. ಅಷ್ಟೇ ಅಲ್ಲ, ಸಾಹೇಬರ ಕೋಣೆಗೆ ಹೋಗಿ, ಓದದವರ ಕೈಗೆ ಪ್ರೋಗ್ರಾಮ್ ಕೊಟ್ಟರೆ ಹೀಗೇ ಆಗುವುದು ಸರ್ ಎಂದೂ ಹೇಳಿ ಬಂದೆ. ಅವರು ಹೂಂ ಎಂದು ತಲೆ ಆಡಿಸಿದರು. ಮನೆಗೆ ಬಂದು ತಾಯಿಗೆ, ತಾಂಡೂರಿನವರಿಗೆ ಮಾರ್ಚಿಗೆ ತಪ್ಪುವುದಿಲ್ಲ ಅಂತ ಫೋನ್ ಮಾಡು ಎಂದೆ.

ಬುಧವಾರ ಮುಂಜಾನೆ ವಿಷಯ ಕೈ ಮೀರಿತು. ಪಟ್ಟಿಯಲ್ಲಿ ಕರ್ನಾಟಕದ ಗಾಡಿಗಳು ಮಾತ್ರ ಇವೆ ಎಂಬುದು ರೈತರ ಕಣ್ಣಿಗೆ ಬಿದ್ದಿತ್ತು. ಬಶೀರಾಬಾದ್ ಕಡೆಯಿಂದ ಕಬ್ಬು ತಂದು ಮೂವತ್ತು ತಾಸು ಕಾದಿದ್ದ ಶಂಕ್ರೆಪ್ಪ ಎಂಬವನು ಟ್ರಾಲಿ ಏರಿ ನಿಂತು ಕೂಗಿದ.

“ನಮ್ ನೆಲದಾಗ ನಮ್ಗೇ ಪಾಳಿ ಇಲ್ಲಂದ್ರ ಏನರ್ಥ? ಟಿಜಿ ಬರೆಸಿದ್ದಕ್ಕ ಒಳಗಿನವ್ರು ಬೇಕಂತ ಹೆಸ್ರು ತಗದಾರ!”

ಅವನಿಗೆ ಪೂರಾ ಗೊತ್ತಿಲ್ಲದೆಯೇ ಅರ್ಧ ನಿಜ ಅವನ ಬಾಯಿಂದ ಬಂದಿತ್ತು. ನಮ್ಮ ಮ್ಯಾನೇಜರ್ ಸಾಹೇಬರು ಕೃಷ್ಣಾ ಜಿಲ್ಲೆಯವರು, ತೆಲಂಗಾಣದವರ ಸಿಟ್ಟೆಲ್ಲ ತಿರುಗಿದ್ದು ಆ ಕರಾವಳಿ ಆಂಧ್ರದವರ ಮೇಲೆಯೇ. ಪಾಪ, ಕಿಟಕಿ ಮುಚ್ಚಿಕೊಂಡು ಕೂತರು.

ನಾನು ಬರುವ ಮೊದಲೇ ಕಾಶಿನಾಥ ನನ್ನ ಕೋಣೆಯಲ್ಲಿದ್ದ. ಚೀಟಿ ಬರೆಯಲು ಕಾಗದ ಮುಗಿದು, ನನ್ನ ಡ್ರಾಯರಿನಿಂದ ಪ್ರಿಂಟರಿನ ಹಾಳೆ ತೆಗೆದುಕೊಳ್ಳಲು ಬಂದಿದ್ದನಂತೆ. ನನ್ನನ್ನು ನೋಡಿ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟ. ಅವತ್ತು ಚಹಾ ತಂದಿರಲಿಲ್ಲ.

“ನಂದಕಿಶೋರ ಅವ್ರ, ಇವತ್ತರ ಏನಾದ್ರೂ ಹೊಳೀತೇನ್ರಿ?” ಎಂದು ಕೇಳಿದ. ದನಿ ಎಂದಿನಂತೆ ಇರಲಿಲ್ಲ, ಆದರೆ ಮೂರು ದಿನ ಕೂಗಾಡಿದ ಗಂಟಲು, ಒಡೆದಿದ್ದರೆ ಆಶ್ಚರ್ಯವೇನು ಎಂದುಕೊಂಡೆ.

“ಇಲ್ರಿ. ನನಗೂ ಗೊತ್ತಾಗ್ಲಕತ್ತಿಲ್ಲ.”

ಅವನು ಹಾಳೆಗಳನ್ನು ಎತ್ತಿಕೊಂಡು ನೆಟ್ಟಗೆ ಸಾಹೇಬರ ಕೋಣೆಗೆ ನಡೆದ. ಐದು ನಿಮಿಷಕ್ಕೆ ನನಗೂ ಕರೆ ಬಂತು.

ಮೇಜಿನ ಮೇಲೆ ನನ್ನ ಪ್ರಿಂಟ್ ಇತ್ತು. ಕೆಂಪು ಗೆರೆ ಎದ್ದು ಕಾಣುತ್ತಿತ್ತು. ಈ ಸಾಲು ಯಾರದು ಎಂದು ಸಾಹೇಬರು ಕೇಳಿದರು. ಪ್ರೋಗ್ರಾಮ್ ಕಾಶಿನಾಥ ಅವರದು ಸರ್ ಎಂದೆ. ನನ್ನ ಕಿವಿಗೇ ಅದು ಹೊಲಸಾಗಿ ಕೇಳಿತು. ಕಾಶಿನಾಥ ತಲೆ ಎತ್ತದೆ ಹೇಳಿದ.

“ಪ್ರೋಗ್ರಾಮ್ ನಂದೇ ಸರ್. ಆ ಸಾಲು ಅವರ್ದು. ಕೆಂಪು ಗೆರಿ ಭೀ ಅವರ್ದೇ.”

ಸಾಹೇಬರು ಕಾಗದದ ಮೂಲೆಗೆ ಬೆರಳಿಟ್ಟರು. ನಮ್ಮ ಪ್ರಿಂಟರು ತೆಗೆದ ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಕು, ಹೊತ್ತು ಹೊಡೆಯುತ್ತಿತ್ತು. ಸೋಮವಾರ, ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಆ ಹಾಳೆಯೇ ನನ್ನ ಬುದ್ಧಿವಂತಿಕೆಗೆ ಸರ್ಟಿಫಿಕೇಟು. ಕಾಶಿನಾಥನಿಗಿಂತ ಎರಡು ದಿನ ಮೊದಲು ನಾನೇ ಕಂಡುಹಿಡಿದೆ ಎನ್ನುವುದಕ್ಕೆ ಪಕ್ಕಾ ಪುರಾವೆ. ಜೀವನದಲ್ಲಿ ಒಂದೇ ಒಂದು ಸಲ ನಾನು ಅವನನ್ನು ಮೀರಿಸಿದ್ದೆ, ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಸಾಹೇಬರು ಬಯ್ಯಲಿಲ್ಲ. ಹೊರಗೆ ಕಲ್ಲು ಬಿದ್ದಿದ್ದರೆ ನನ್ನ ತಲೆಗೆ ಬೀಳುತ್ತಿತ್ತು, ನಿನ್ನ ತಲೆಗಲ್ಲ ಎಂದಷ್ಟೇ ಅಂದರು. ಕಾಶಿನಾಥ ಅಲ್ಲೇ ಕೂತು ಆ ಸಾಲಿಗೆ ಟಿಜಿ ಸೇರಿಸಿದ. ಪಟ್ಟಿ ಸರಿಯಾಗಿ ಬಂತು. ನಾಳೆಯಿಂದ ಕಂಪ್ಯೂಟರ್ ಕೋಣೆ ಕಾಶಿನಾಥನದು, ನೀನು ಮಾರ್ಚಿನ ತನಕ ಗೇಟಿನಲ್ಲಿ ಮೊಗಲಪ್ಪನ ಸಂಗಡ ಇರು, ಆಮೇಲೆ ಬೇರೆ ನೋಡಿಕೋ ಎಂದು ಸಾಹೇಬರು ನನಗೆ ಹೇಳಿದರು.

ನಾನು ಹೊರಗೆ ಬಂದು ಕಬ್ಬಿನ ರಾಶಿಗಳ ಹಿಂದೆ ನಿಂತೆ. ತಾಯಿಯಿಂದ ತಾಂಡೂರಿಗೆ ಮಾಡಿಸಿದ ಫೋನು ನೆನಪಾಯಿತು. ಕಾಶಿನಾಥ ಹುಡುಕಿಕೊಂಡು ಬಂದ. ಬರುವುದು ಕಂಡೇ ಮೈ ಉರಿಯಿತು. ಈಗ ಬಂದು ಸಮಾಧಾನ ಹೇಳುತ್ತಾನೆ, ದೊಡ್ಡ ಮನುಷ್ಯನಾಗುತ್ತಾನೆ ಎಂದುಕೊಂಡೆ.

“ಮೊದ್ಲ ಎರಡ್ ಸಲ ಗೊತ್ತಿಲ್ದೇ ಕೇಳಿದ್ನಿರಿ,” ಎಂದ. “ಇವತ್ ಮುಂಜಾನಿ ಆ ಕಾಗದ ಸಿಕ್ಕ ಮ್ಯಾಲ, ಗೊತ್ತಿದ್ದೇ ಕೇಳಿನಿ.”

“ಮತ್ಯಾಕ ಕೇಳಿದ್ರಿ? ನನ್ ಮಾರಿ ನೋಡಾಕೇನು?”

“ನೀವು ಹೌದು ಅಂದಿದ್ರ ಇಬ್ರೂ ಕೂಡಿ ಅಲ್ಲೇ ಸರಿ ಮಾಡ್ತಿದ್ವಿ. ಸಾಹೇಬ್ರ ತನಕ ಹೋಗ್ತಿದ್ದಿಲ್ಲ.” ಟವೆಲಿನಿಂದ ಮುಖ ಒರೆಸಿಕೊಂಡ. “ಖರೇ ಹೇಳ್ತೀನಿ ಕೇಳ್ರಿ. ನೀವು ನಿನ್ನೆ ಮೊನ್ನೆ ಬಂದವ್ರು, ಬಂದ ದಿನಾನೇ ಆ ಕೂಲರ್ ಮುಂದ ಕುಂತ್ರಿ. ನಾ ಇಪ್ಪತ್ ವರ್ಷ ಹೊರಗ ಕುಂತೀನಿ. ಸಮೀರ್‌ನ ಅಂಗಡಿಗಿ ನಾ ಸುಮ್ಮ ಹೋಗಿಲ್ಲ, ಆ ಕುರ್ಚಿ ಸಲುವಾಗೇ ಹೋಗೀನಿ. ಮುಂಜಾನಿ ನಿಮ್ಗ ಕೇಳೂ ಮುಂದ ಒಳಗಿಂದೊಳಗ ದೇವ್ರಿಗಿ ಬೇಡ್ಕೊಂಡೀನಿ, ಇಲ್ಲ ಅನ್ಲಿ, ಇಲ್ಲ ಅನ್ಲಿ ಅಂತ. ನೀವ್ ಇಲ್ಲ ಅಂದ್ರಿ. ನನಗ ಖುಷಿ ಆತು.”

ಇಷ್ಟು ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತ. ನಾನೂ ಏನಾದರೂ ಹೇಳುತ್ತೇನೆಂದು ಕಾದನೋ ಏನೋ. ಸೋಮವಾರ ನೀನು ಬಯ್ಸಿಕೊಳ್ಳುವುದನ್ನು ಬಾಗಿಲಲ್ಲಿ ನಿಂತು ನೋಡಿ ನನಗೂ ಖುಷಿಯಾಗಿತ್ತು ಎಂದು ಹೇಳುವುದು ನಾಲ್ಕು ಮಾತಿನ ಕೆಲಸ. ನಾಲಿಗೆಯ ತುದಿಗೆ ಬಂದಿತ್ತು. ನಾನು ನೆಲ ನೋಡಿದೆ. ಯಾರ್ಡಿನಿಂದ ಯಾರೋ ‘ಕಾಕಾ’ ಎಂದು ಕೂಗಿದರು, ಅವನು ಹೋದ.

ಆಮೇಲೆ ಅವನು ಆ ಕುರ್ಚಿಯಲ್ಲಿ ಹದಿಮೂರು ವರ್ಷ ಕೂತ. ಸೌಮ್ಯಶ್ರೀಗೆ ಆ ವರ್ಷವೇ ಬೇರೆ ಕಡೆ ಲಗ್ನವಾಯಿತು. ನಾನು ಪೆದ್ದೆಮುಲ್‌ನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ, ಕೂಲರ್ ಸಹ ಇದೆ. ಅವನ ಬುದ್ಧಿಯ ಮೇಲೆ, ಕುರ್ಚಿಯ ಮೇಲೆ ಇದ್ದ ಹೊಟ್ಟೆಕಿಚ್ಚು ಎಂದೋ ಆರಿಹೋಗಿದೆ. ನನ್ನಷ್ಟೇ ಉರಿದವನು ನನ್ನೆದುರು ನಿಂತು ಅದನ್ನು ಬಾಯಿ ಬಿಟ್ಟು ಹೇಳಿದನಲ್ಲ, ಅದಕ್ಕೆ ಮಾತ್ರ ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ.